ಶ್ವಾಸಕೋಶದ ಪರೀಕ್ಷೆಯಲ್ಲಿ ಶ್ರವಣಾತೀತ ಧ್ವನಿ

ಎದೆಯೊಳಗಿನ ರೋಗವನ್ನು ಹೊರಗಿನಿಂದ ಅರಿಯುವ ಪ್ರಯತ್ನದ ಇತಿಹಾಸವು ಬಹುಮಟ್ಟಿಗೆ ಧ್ವನಿಯ ಇತಿಹಾಸವೇ ಆಗಿದೆ. 1761ರಲ್ಲಿ ಆಸ್ಟ್ರಿಯದ ಔಎನ್‌ಬ್ರುಗ್ಗರನು ಎದೆಯನ್ನು ಬೆರಳಿನಿಂದ ತಟ್ಟಿ ನಾದಭೇದವನ್ನು ಗುರುತಿಸಿದ ವಿಧಾನವನ್ನು ಪ್ರಕಟಿಸಿದನು. 1816ರಲ್ಲಿ ಫ್ರಾನ್ಸಿನ ಲೆನೆಕ್ಕನು ಸ್ಟೆತಾಸ್ಕೋಪನ್ನು ರೂಪಿಸಿದನು. 1895ರಲ್ಲಿ ಕ್ಷ-ಕಿರಣವು ಬಂದ ಬಳಿಕ ಕಿವಿಗಿಂತ ಕಣ್ಣೇ ಪ್ರಧಾನವಾಯಿತು.

ಅಲ್ಟ್ರಾಸೌಂಡ್ ಎಂಬ ಶ್ರವಣಾತೀತ ತರಂಗಗಳು ಗಾಳಿಯನ್ನು ದಾಟಿ ಹೋಗಲಾರವು. ಆದುದರಿಂದ ಗಾಳಿ ತುಂಬಿದ ಶ್ವಾಸಕೋಶಕ್ಕೆ ಅವು ನಿರುಪಯುಕ್ತವೆಂದೇ ವೈದ್ಯರು ಬಹುಕಾಲ ಭಾವಿಸಿದ್ದರು. ಆದರೆ ಈ ತಡೆಯಿಂದ ಹುಟ್ಟುವ ಮರುದನಿಯೇ ರೋಗಸೂಚಕವೆಂದು ಕ್ರಮೇಣ ತಿಳಿದುಬಂದಿತು. ಆರೋಗ್ಯವಂತ ಶ್ವಾಸಕೋಶದಲ್ಲಿ ಅದು ಸಮಾನ ಅಂತರದ ಅಡ್ಡಗೆರೆಗಳಾಗಿ ತೋರುತ್ತದೆ. ಉರಿಯೂತದಿಂದ ದ್ರವ ಸೇರಿದಲ್ಲಿ ಶ್ವಾಸಕೋಶದ ಹೊರಪೊರೆಯಿಂದ ಬಿಳಿಯ ಲಂಬರೇಖೆಗಳು ಇಳಿಯುತ್ತವೆ. ನ್ಯುಮೋನಿಯಾದಿಂದ ಗಟ್ಟಿಯಾದ ಭಾಗವು ಯಕೃತ್ತಿನಂತೆ ಕಾಣುತ್ತದೆ. ಈ ಚಿಹ್ನೆಗಳನ್ನು ಓದುವ ಕ್ರಮವೊಂದನ್ನು ಫ್ರಾನ್ಸಿನ ಡಾ. ಲಿಕ್ಟೆನ್‌ಸ್ಟೈನ್ ಅವರು 2008ರಲ್ಲಿ ಪ್ರಕಟಿಸಿದರು. ಮಿತಿಗಳೂ ಉಂಟು. ಹೃದಯದೌರ್ಬಲ್ಯದಲ್ಲಿಯೂ ಲಂಬರೇಖೆಗಳು ಮೂಡುತ್ತವೆ. ಹೊರಪೊರೆಯನ್ನು ಮುಟ್ಟದ ರೋಗವು ಕಾಣದು.

ವಿಕಿರಣವಿಲ್ಲದ, ಕೈಯಲ್ಲಿ ಹಿಡಿಯಬಹುದಾದ ಈ ಯಂತ್ರವನ್ನು ಹುಮನಾಬಾದ ತಾಲ್ಲೂಕಿನ ದುಬಲಗುಂಡಿಯಲ್ಲಿ ಏದುಸಿರು ಬಿಡುವ ರೋಗಿಯ ಮನೆಗೆ ಒಯ್ಯಬಹುದೆ? ಅಡ್ಡಿಯು ಕಾನೂನಿನದು. ಭ್ರೂಣಲಿಂಗಪತ್ತೆಯನ್ನು ನಿಷೇಧಿಸಿದ 1994ರ ಕಾಯಿದೆಗೆ ಸಂಬಂಧಿಸಿ 2012ರಲ್ಲಿ ಸೇರಿಸಿದ ನಿಯಮದಂತೆ, ಒಯ್ಯಬಹುದಾದ ಯಂತ್ರವನ್ನು ನೋಂದಾಯಿತ ಆಸ್ಪತ್ರೆಯ ಒಳರೋಗಿಗಳಿಗೆ, ಇಲ್ಲವೆ ಸಂಚಾರಿ ಚಿಕಿತ್ಸಾ ಘಟಕದಲ್ಲಿ ಮಾತ್ರ ಬಳಸತಕ್ಕದ್ದು. ಹೆಣ್ಣುಮಕ್ಕಳ ಸಂಖ್ಯೆ ಕುಸಿದ ದೇಶದಲ್ಲಿ ಈ ನಿರ್ಬಂಧವನ್ನು ಅನಾವಶ್ಯಕವೆನ್ನಲು ನನಗೆ ಮನಸ್ಸಿಲ್ಲ. ಸಂಚಾರಿ ಘಟಕಕ್ಕೆ ನಿಯಮದಲ್ಲಿಯೇ ಅವಕಾಶವಿರುವುದರಿಂದ, ತರಬೇತಿ ಪಡೆದ ವೈದ್ಯರುಳ್ಳ ಅಂತಹ ವಾಹನವು ಇಂಥ ಊರುಗಳಿಗೆ ಬರುವುದು ಸಾಧ್ಯವಿದೆ.