ಫೋನಿನ ಪರದೆ ಏಕೆ ಹೊರಳುತ್ತದೆ?

ಕಳೆದ ವರ್ಷ ನಮ್ಮ ಬಿ.ಎಸ್ಸಿ. ತರಗತಿಯ ವಿದ್ಯಾರ್ಥಿನಿಯೊಬ್ಬಳು ಚನ್ನಗಿರಿಯಿಂದ ದಾವಣಗೆರೆಗೆ ಹೋಗುವ ಬಸ್ಸಿನಲ್ಲಿ ಕುಳಿತು, ವಿದ್ಯಾರ್ಥಿವೇತನದ ಅರ್ಜಿಯೊಂದನ್ನು ಮೊಬೈಲ್ ಫೋನಿನಲ್ಲಿ ತುಂಬುತ್ತಿದ್ದಳು. ಅಂದೇ ಕಡೆಯ ದಿನ. ಎರಡು ಪುಟಗಳನ್ನು ಮುಗಿಸಿ, ಮೂರನೆಯದರಲ್ಲಿ ತನ್ನ ಭಾವಚಿತ್ರವನ್ನೂ ಸೇರಿಸಿದ್ದಳು. ಬಸ್ಸು ಒಂದು ತಿರುವಿನಲ್ಲಿ ಹೊರಳಿತು. ಅದರೊಡನೆ ಪರದೆಯ ಮೇಲಿನ ಅಕ್ಷರಗಳೂ ಅಡ್ಡಕ್ಕೆ ಹೊರಳಿದುವು. ಫೋನನ್ನು ಸರಿಪಡಿಸಿ ನೋಡುವಷ್ಟರಲ್ಲಿ ಅರ್ಜಿ ಮೊದಲನೆಯ ಪುಟಕ್ಕೆ ಮರಳಿತ್ತು, ಭಾವಚಿತ್ರವೂ ಮಾಯವಾಗಿತ್ತು. ಮರುದಿನ ಆಕೆ ನಮ್ಮ ಬಳಿಗೆ ಬಂದು ಕೇಳಿದಳು: “ಸಾರ್, ತಿರುಗಿದ್ದು ಬಸ್ಸು. ಅದು ಫೋನಿಗೆ ಹೇಗೆ ತಿಳಿಯಿತು? ತಿಳಿದರೂ ನಾನು ತುಂಬಿದ್ದನ್ನು ಅದೇಕೆ ಮರೆಯಬೇಕು?”

ಪ್ರಶ್ನೆಯ ಮೊದಲ ಭಾಗ ಭೌತವಿಜ್ಞಾನಕ್ಕೆ ಸೇರಿದ್ದು. ಅದನ್ನು ಮೊದಲು ನೋಡೋಣ.

ಗಾರೆಯ ಕೆಲಸದವರು ತೂಗುಗುಂಡನ್ನು ಇಳಿಬಿಟ್ಟು ಗೋಡೆ ನೆಟ್ಟಗಿದೆಯೆ ಎಂದು ಪರೀಕ್ಷಿಸುವುದನ್ನು ವಾಚಕರು ಕಂಡಿರಬಹುದು. ಫೋನಿನೊಳಗೂ ಇಂಥದೇ ಒಂದು ಸಾಧನವಿದೆ. ಅದರ ಹೆಸರು ವೇಗೋತ್ಕರ್ಷಮಾಪಕ. ಕೆಲವೇ ಮಿಲಿಮೀಟರ್ ಅಗಲದ ಒಂದು ಚಿಪ್ಪಿನಲ್ಲಿ, ಸಿಲಿಕಾನಿನಿಂದಲೇ ಕೊರೆದ ತೆಳುವಾದ ಸ್ಪ್ರಿಂಗುಗಳ ಮೇಲೆ ಸಿಲಿಕಾನಿನದೇ ಒಂದು ತುಣುಕು ತೂಗಾಡುತ್ತಿರುತ್ತದೆ. ಅದರ ಅಂಚಿಗೆ ಬಾಚಣಿಗೆಯಂತೆ ಹಲ್ಲುಗಳಿವೆ. ಅವುಗಳ ನಡುನಡುವೆ ಅಲುಗಾಡದ ಇನ್ನೊಂದು ಬಾಚಣಿಗೆಯ ಹಲ್ಲುಗಳು ಸೇರಿಕೊಂಡಿವೆ. ತುಣುಕು ಕೊಂಚ ಸರಿದರೂ ಹಲ್ಲುಗಳ ನಡುವಣ ಅಂತರ ಬದಲಾಗುತ್ತದೆ. ಅಂತರ ಬದಲಾದರೆ ಕೆಪಾಸಿಟೆನ್ಸ್ ಬದಲಾಗುತ್ತದೆ. ಈ ಸರಿತ ಒಂದು ಮೈಕ್ರೋಮೀಟರಿನ ಅಲ್ಪ ಭಾಗವಷ್ಟೆ. ಆದರೂ ವಿದ್ಯುನ್ಮಂಡಲ ಅದನ್ನು ಅಳೆಯಬಲ್ಲದು.

ಪರದೆಯ ಅಗಲ, ಉದ್ದ ಮತ್ತು ಪರದೆಗೆ ಲಂಬವಾದ ದಿಕ್ಕು, ಹೀಗೆ ಮೂರು ದಿಕ್ಕುಗಳಲ್ಲಿ ಈ ಅಳತೆ ನಡೆಯುತ್ತದೆ. ಫೋನನ್ನು ನೆಟ್ಟಗೆ ನಿಲ್ಲಿಸಿದರೆ ಉದ್ದದ ದಿಕ್ಕಿನಲ್ಲಿ ಸುಮಾರು 9.8 ಮೀಟರ್ ಪ್ರತಿ ಸೆಕೆಂಡ್ ವರ್ಗ, ಅಗಲದ ದಿಕ್ಕಿನಲ್ಲಿ ಸೊನ್ನೆ. ಅಡ್ಡಕ್ಕೆ ಹಿಡಿದರೆ ಇವೆರಡೂ ಅದಲುಬದಲು. ಎರಡರ ನಿಷ್ಪತ್ತಿಯಿಂದ ವಾಲಿಕೆಯ ಕೋನ ದೊರೆಯುತ್ತದೆ. ಹೈಸ್ಕೂಲಿನಲ್ಲಿ ಕಲಿತ ತ್ರಿಕೋನಮಿತಿ ಇಷ್ಟಕ್ಕೆ ಸಾಕು.

ಆದರೆ ಈ ತೂಗುಗುಂಡಿಗೆ ಒಂದು ಕುರುಡುತನವಿದೆ. ಚನ್ನಗಿರಿಯಲ್ಲಿ ಅಡಿಕೆಗೇನೂ ಬರವಿಲ್ಲ. ಒಂದು ಅಡಿಕೆಯನ್ನು ದಾರಕ್ಕೆ ಕಟ್ಟಿ, ಬಸ್ಸಿನಲ್ಲಿ ಇಳಿಬಿಟ್ಟು ನೋಡಿ. ಬಸ್ಸು ತಿರುವಿಗೆ ಬಂದಾಗ ದಾರ ಓರೆಯಾಗುತ್ತದೆ. ಗುರುತ್ವ ಎಷ್ಟು, ಬಸ್ಸಿನ ವೇಗೋತ್ಕರ್ಷ ಎಷ್ಟು ಎಂದು ಅಡಿಕೆ ಬೇರೆಬೇರೆಯಾಗಿ ಹೇಳಲಾರದು. ಎರಡರ ಮೊತ್ತವನ್ನು ಮಾತ್ರ ತೋರಿಸುತ್ತದೆ. ಫೋನಿನ ಸಿಲಿಕಾನ್ ತುಣುಕಿನ ಪಾಡೂ ಅದೇ.

ಲೆಕ್ಕ ಮಾಡೋಣ. ಗಂಟೆಗೆ 36 ಕಿಲೋಮೀಟರ್ ಎಂದರೆ ಸೆಕೆಂಡಿಗೆ 10 ಮೀಟರ್. ತಿರುವಿನ ತ್ರಿಜ್ಯ 50 ಮೀಟರ್ ಆದರೆ ಕೇಂದ್ರಾಭಿಮುಖ ವೇಗೋತ್ಕರ್ಷ 2 ಮೀಟರ್ ಪ್ರತಿ ಸೆಕೆಂಡ್ ವರ್ಗ. ಫೋನನ್ನು ನೆಟ್ಟಗೆ ಹಿಡಿದಿದ್ದರೆ ಅದು 9.8ರ ಮುಂದೆ ಅಲ್ಪ. ಫೋನಿಗೆ ತೋರುವ ವಾಲಿಕೆ ಸುಮಾರು 11 ಡಿಗ್ರಿ. ಪರದೆ ಹೊರಳುವುದಿಲ್ಲ. ಆದರೆ ಬಸ್ಸಿನಲ್ಲಿ ಫೋನನ್ನು ಹಾಗೆ ಹಿಡಿಯುವವರು ಯಾರು? ತೊಡೆಯ ಮೇಲಿಟ್ಟುಕೊಂಡು ಬರೆಯುತ್ತೇವೆ. ಆಗ ಪರದೆ ನೆಲಮಟ್ಟಕ್ಕೆ 20 ಡಿಗ್ರಿ ಮಾತ್ರ ಎದ್ದಿತ್ತೆನ್ನಿ. ಪರದೆಯ ಉದ್ದಕ್ಕೆ ಗುರುತ್ವದ ಪಾಲು 9.8ನ್ನು 20 ಡಿಗ್ರಿಯ ಸೈನಿನಿಂದ ಗುಣಿಸಿದಷ್ಟು, ಎಂದರೆ 3.35. ಅದೇ ತಿರುವು, ಅದೇ 2. ಆದರೆ ಈಗ ತೋರುವ ವಾಲಿಕೆ 31 ಡಿಗ್ರಿ! ಕೈ ಅದೇ ಕಡೆಗೆ ಇನ್ನು ಸ್ವಲ್ಪ ವಾಲಿದರೂ ಕೋನ 45 ಡಿಗ್ರಿಯನ್ನು ದಾಟುತ್ತದೆ. ನಮ್ಮ ವಿದ್ಯಾರ್ಥಿನಿಯ ಫೋನಿಗೆ ಆದದ್ದು ಬಹುಶಃ ಇದೇ.

ಫೋನನ್ನು ಮೇಜಿನ ಮೇಲೆ ಮಲಗಿಸಿದರೆ ಗುರುತ್ವವೆಲ್ಲ ಪರದೆಗೆ ಲಂಬವಾಗುತ್ತದೆ. ಯಾವ ಅಂಚು ಮೇಲೆಂದು ಹೇಳಲು ಆಧಾರವೇ ಉಳಿಯದು. ಆಗ ವ್ಯವಸ್ಥೆ ಜಾಣತನದಿಂದ ಹಿಂದಿನ ನಿರ್ಣಯಕ್ಕೇ ಅಂಟಿಕೊಂಡಿರುತ್ತದೆ. ಸರಿಯಾಗಿ 45 ಡಿಗ್ರಿಗೇ ಹೊರಳುವಂತಿದ್ದರೂ ಕೈಯ ನಡುಕಕ್ಕೆ ಪರದೆ ಅತ್ತಿತ್ತ ಒದ್ದಾಡುತ್ತಿತ್ತು. ಆದ್ದರಿಂದ ಗಡಿಯನ್ನು ದಾಟಿ ಕೊಂಚ ಮುಂದೆ ಹೋಗಿ, ಅಲ್ಲಿ ಕ್ಷಣಕಾಲ ನಿಂತ ಮೇಲೆಯೇ ಹೊರಳಿಸುತ್ತಾರೆ. ಪಕ್ಕಕ್ಕೆ ಮಲಗಿ ಓದುವವರ ತೊಂದರೆ ಬೇರೆ. ಅವರ ಮುಖವೂ ಫೋನೂ ಒಟ್ಟಿಗೆ ಅಡ್ಡವಾಗಿವೆ ಎಂಬುದು ತೂಗುಗುಂಡಿಗೆ ಹೇಗೆ ಗೊತ್ತಾಗಬೇಕು? 2021ರ ಆಂಡ್ರಾಯ್ಡ್ 12ರಿಂದೀಚೆಗೆ ಕೆಲವು ಫೋನುಗಳು ಮುಂಬದಿಯ ಕ್ಯಾಮೆರಾದಿಂದ ಮುಖದ ದಿಕ್ಕನ್ನು ನೋಡಿ ನಿರ್ಧರಿಸುತ್ತವೆ.

ಇನ್ನು ಪ್ರಶ್ನೆಯ ಎರಡನೆಯ ಭಾಗ. ವೇಗೋತ್ಕರ್ಷಮಾಪಕ ಕೊಡುವುದು ವರದಿಯನ್ನು. ಹೊರಳಬೇಕೆ ಬೇಡವೆ ಎಂಬ ತೀರ್ಮಾನದಲ್ಲಿ ಆ್ಯಪ್ ಬರೆದವರ ಪಾಲೂ ಇದೆ. ಆಂಡ್ರಾಯ್ಡ್ ಆ್ಯಪಿನ ಜೊತೆಗೆ ಮ್ಯಾನಿಫೆಸ್ಟ್ ಎಂಬ ಒಂದು ಘೋಷಣಾಪತ್ರ ಇರುತ್ತದೆ. ಅದರಲ್ಲಿ ‘ಪೋರ್ಟ್ರೇಟ್’ ಎಂದು ಬರೆದರೆ ಪರದೆ ಉದ್ದಕ್ಕೇ ನಿಲ್ಲುತ್ತದೆ. ‘ಲ್ಯಾಂಡ್‌ಸ್ಕೇಪ್’ ಎಂದರೆ ಅಡ್ಡಕ್ಕೇ. ‘ಯೂಸರ್’ ಎಂದರೆ ಬಳಕೆದಾರರ ಇಷ್ಟದಂತೆ. ‘ಸೆನ್ಸರ್’ ಎಂದು ಬರೆದರೆ, ನಾವು ಪರದೆಯನ್ನು ಬಂಧಿಸಿಟ್ಟಿದ್ದರೂ ಲೆಕ್ಕಿಸದೆ ಅದು ಮಾಪಕದ ಮಾತನ್ನೇ ಕೇಳುತ್ತದೆ. ಇದು ಅತಿಯಾಯಿತೆಂದು ನಮ್ಮ ಅಭಿಪ್ರಾಯ.

ಪರದೆ ಹೊರಳಿದಾಗ ಚಿತ್ರ ಮಾತ್ರ ತಿರುಗುತ್ತದೆಂದು ನಾವು ಭಾವಿಸುತ್ತೇವೆ. ಹಾಗಲ್ಲ. ನಾಟಕದ ಕಂಪೆನಿಯವರು ದರ್ಬಾರಿನ ದೃಶ್ಯ ಮುಗಿದೊಡನೆ ಸಿಂಹಾಸನ, ಕಂಬಗಳನ್ನೆಲ್ಲ ಒಳಗೊಯ್ದು ಕಾಡಿನ ದೃಶ್ಯವನ್ನು ಹೊಸದಾಗಿ ಹೂಡುವುದಿಲ್ಲವೆ? ಅದರಂತೆ ಆಂಡ್ರಾಯ್ಡ್ ಕೂಡ ಆ ಹೊತ್ತು ತೆರೆದಿರುವ ಪುಟವನ್ನು, ‘ಆಕ್ಟಿವಿಟಿ’ ಎಂಬುದನ್ನು, ಸಾಮಾನ್ಯವಾಗಿ ಪೂರ್ತಿ ಕೆಡವಿ, ಹೊಸ ಅಗಲಕ್ಕೂ ಎತ್ತರಕ್ಕೂ ತಕ್ಕಂತೆ ಮತ್ತೆ ಕಟ್ಟುತ್ತದೆ. ಕೆಡವುವ ಮುನ್ನ “ಉಳಿಸಬೇಕಾದದ್ದು ಏನಾದರೂ ಇದೆಯೆ?” ಎಂದು ಆ್ಯಪನ್ನು ಕೇಳಿ, ಒಂದು ಸಣ್ಣ ಗಂಟು ಕಟ್ಟಿಕೊಳ್ಳಲು ಅವಕಾಶ ಕೊಡುತ್ತದೆ. ಗುರುತು ಇಟ್ಟ ಸಾಮಾನ್ಯ ಬರೆವಣಿಗೆಯ ಚೌಕಗಳಲ್ಲಿನ ಅಕ್ಷರಗಳು ತಾವಾಗಿಯೇ ಗಂಟಿಗೆ ಸೇರುತ್ತವೆ. ಎಷ್ಟನೆಯ ಪುಟದಲ್ಲಿದ್ದೆವು, ಯಾವ ಭಾವಚಿತ್ರವನ್ನು ಆರಿಸಿದೆವು ಎಂಬುದನ್ನು ಮಾತ್ರ ಆ್ಯಪ್ ಬರೆದವರೇ ನೆನಪಿಟ್ಟು ಸೇರಿಸಬೇಕು. ಮರೆತರೆ ಅವು ಹಳೆಯ ದೃಶ್ಯದೊಡನೆಯೇ ಹೋದುವು. 2017ರಲ್ಲಿ ಗೂಗಲ್ ‘ವ್ಯೂಮಾಡೆಲ್’ ಎಂಬ ಏರ್ಪಾಟನ್ನು ತಂದು, ಪುಟ ಕೆಡವಿದರೂ ಒಳಗಿನ ವಿಷಯ ಉಳಿಯುವ ದಾರಿಯನ್ನು ಸುಲಭಮಾಡಿತು.

ಈ ಶ್ರಮ ಏಕೆಂದು ಎಷ್ಟೋ ಮಂದಿ ‘ಪೋರ್ಟ್ರೇಟ್’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಆದರೆ ಪುಟ ಕೆಡವುವುದಕ್ಕೆ ಹೊರಳುವುದೊಂದೇ ಕಾರಣವಲ್ಲ. ಫೋನಿನ ಭಾಷೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಿಸಿದರೂ ಸಾಮಾನ್ಯವಾಗಿ ಪುಟವನ್ನು ಮತ್ತೆ ಕಟ್ಟಬೇಕಾಗುತ್ತದೆ. ಭಾವಚಿತ್ರ ತೆಗೆಯಲೆಂದು ಕ್ಯಾಮೆರಾ ತೆರೆದಾಗ ಜ್ಞಾಪಕಶಕ್ತಿ ಸಾಲದ ಅಗ್ಗದ ಫೋನು ಅರ್ಜಿಯ ಆ್ಯಪನ್ನೇ ಮುಚ್ಚಿಬಿಡುವುದುಂಟು. ಅಲ್ಲಿ ವ್ಯೂಮಾಡೆಲೂ ಸಾಲದು, ಗಂಟನ್ನೇ ಕಟ್ಟಬೇಕು. ಅಲ್ಲದೆ, ಗಾಲಿಕುರ್ಚಿಗೆ ಫೋನನ್ನು ಅಡ್ಡಲಾಗಿ ಬಿಗಿದುಕೊಂಡವರು ಕತ್ತು ವಾರೆಮಾಡಿ ಓದಬೇಕೆ? ಈ ಕಾರಣದಿಂದಲೇ 2018ರ ಜಾಗತಿಕ ಜಾಲತಾಣ ಸುಗಮತೆಯ ನಿಯಮಾವಳಿ, ಪಿಯಾನೊ ನುಡಿಸುವ ಆ್ಯಪಿನಂತೆ ಅನಿವಾರ್ಯವಾದಲ್ಲಿ ಹೊರತು, ವಿಷಯವನ್ನು ಒಂದೇ ದಿಕ್ಕಿಗೆ ಕಟ್ಟಿಹಾಕಬಾರದೆಂದು ವಿಧಿಸಿತು. 2025ರ ಆಂಡ್ರಾಯ್ಡ್ 16 ಇನ್ನೂ ಮುಂದೆ ಹೋಗಿದೆ: ಅದಕ್ಕೆಂದು ಸಿದ್ಧಪಡಿಸಿದ ಆ್ಯಪುಗಳಲ್ಲಿ, ಆಟಗಳನ್ನು ಬಿಟ್ಟು, ಟ್ಯಾಬ್ಲೆಟ್ಟಿನಂಥ ದೊಡ್ಡ ಪರದೆಗಳ ಮೇಲೆ ಈ ‘ಪೋರ್ಟ್ರೇಟ್’ ಘೋಷಣೆಯನ್ನು ಅದು ಮನ್ನಿಸುವುದೇ ಇಲ್ಲ.

ನಮ್ಮ ವಿದ್ಯಾರ್ಥಿನಿ ಅಂದು ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಕುಳಿತು, ಪರದೆಯ ಮೇಲಂಚಿನಿಂದ ಕೆಳಕ್ಕೆ ಎಳೆದು, ತಾನಾಗಿ ಹೊರಳುವ ಗುಂಡಿಯನ್ನು ಆರಿಸಿ, ಅರ್ಜಿಯನ್ನು ಮೊದಲಿನಿಂದ ತುಂಬಿದಳಂತೆ. ರಾತ್ರಿ ಹನ್ನೊಂದೂವರೆಗೆ ಅದು ಸ್ವೀಕೃತವಾಯಿತು. ಈಗ ಆಕೆ ಆ್ಯಪ್ ಬರೆಯುವುದನ್ನು ಕಲಿಯುತ್ತಿದ್ದಾಳೆ. ತಾನು ಬರೆದ ಪ್ರತಿಯೊಂದು ಪುಟವನ್ನೂ ಅರ್ಧ ತುಂಬಿ, ಫೋನನ್ನು ಎರಡು ಸಾರಿ ಹೊರಳಿಸಿ ನೋಡುತ್ತಾಳೆ.