ತಲೆಬರಹದ ಕೆಳಗೆ ಏನಿದೆ? ವಿಚಾರಗಳನ್ನು ಜೋಡಿಸುವ ಒಂದು ಸುಲಭ ದಾರಿ

"ಮಿಸ್, ಹೇಳೋಕೆ ತುಂಬಾ ಇದೆ, ಆದ್ರೆ ಬರೆಯೋಕೆ ಕೂತ್ರೆ ಏನೂ ಬರಲ್ಲ."

ಪ್ರಬಂಧ ಬರೆಸುವ ದಿನ ಈ ಮಾತು ಕೇಳದೆ ನನ್ನ ಪಿರಿಯಡ್ ಮುಗಿಯುವುದಿಲ್ಲ. ಮೊದಲೆಲ್ಲಾ "ಇನ್ನೂ ಸ್ವಲ್ಪ ಓದಿಕೊಂಡು ಬನ್ನಿ" ಅನ್ನುತ್ತಿದ್ದೆ. ಈಗ ಹಾಗೆ ಅನ್ನುವುದಿಲ್ಲ. ಯಾಕಂದ್ರೆ ಎಷ್ಟೋ ಸಲ ಮಕ್ಕಳಿಗೆ ವಿಷಯದ ಕೊರತೆ ಇರುವುದಿಲ್ಲ. ಇರುವ ವಿಷಯವೆಲ್ಲಾ ಒಟ್ಟಿಗೆ ಬಾಗಿಲಿಗೆ ನುಗ್ಗುತ್ತದೆ, ಹಾಗಾಗಿ ಒಂದೂ ಹೊರಗೆ ಬರುವುದಿಲ್ಲ. ಅವರಿಗೆ ಬೇಕಾಗಿರುವುದು ಒಂದು ಸಾಲು, ಒಂದು ಕ್ರಮ. ಆ ಕ್ರಮ ಕೊಡಲು ಕಂಪ್ಯೂಟರಿನಲ್ಲಿ ಒಂದು ಸಾಧನ ಇದೆ. ಅದರ ಹೆಸರು ಔಟ್‌ಲೈನರ್.

ಔಟ್‌ಲೈನರ್ ಅಂದರೇನು?

ಸರಳವಾಗಿ ಹೇಳುವುದಾದರೆ, ತಲೆಬರಹ, ಅದರ ಕೆಳಗೆ ಉಪತಲೆಬರಹ, ಅದರ ಕೆಳಗೆ ವಿವರ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬರೆದಿಡುವ ತಂತ್ರಾಂಶ. ಇದನ್ನು ಕಾಗದದ ಮೇಲೂ ಮಾಡಬಹುದು, ನಿಜ. ಆದರೆ ಕಾಗದದಲ್ಲಿ ಆಗದ ಎರಡು ಕೆಲಸ ಇಲ್ಲಿ ಆಗುತ್ತವೆ. ಒಂದು, ಮಡಚುವುದು: ವಿವರಗಳನ್ನೆಲ್ಲಾ ಮುಚ್ಚಿ ಬರೀ ತಲೆಬರಹಗಳನ್ನು ನೋಡಬಹುದು. ಎರಡು, ಎತ್ತಿಡುವುದು: ಒಂದು ತಲೆಬರಹವನ್ನು ಎಳೆದು ಬೇರೆ ಕಡೆ ಇಟ್ಟರೆ ಅದರ ಕೆಳಗಿರುವುದೆಲ್ಲಾ ಜೊತೆಯಲ್ಲೇ ಹೋಗುತ್ತದೆ.

ಇದು ಹೊಸದೇನಲ್ಲ. ಡಗ್ಲಸ್ ಎಂಗೆಲ್ಬಾರ್ಟ್ ಎಂಬ ಸಂಶೋಧಕ 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತನ್ನ ಕಂಪ್ಯೂಟರನ್ನು ಸಭೆಯ ಮುಂದೆ ತೋರಿಸಿದಾಗ, ಉದಾಹರಣೆಗೆ ಬಳಸಿಕೊಂಡಿದ್ದು ಮನೆಯ ಸಾಮಾನಿನ ಪಟ್ಟಿ. ಸಾಮಾನುಗಳನ್ನು ಗುಂಪು ಮಾಡಿ, ಗುಂಪುಗಳನ್ನು ಮಡಚಿ ಬಿಚ್ಚಿ ತೋರಿಸಿದರು. 1983ರಲ್ಲಿ ಡೇವ್ ವೈನರ್ ಅವರ ಥಿಂಕ್‌ಟ್ಯಾಂಕ್ ಎಂಬ ತಂತ್ರಾಂಶ ಇದನ್ನು ಸಣ್ಣ ಕಂಪ್ಯೂಟರುಗಳಿಗೆ ತಂದಿತು. ಇವತ್ತು ವರ್ಕ್‌ಫ್ಲೋಯಿ, ಆರ್ಗ್ ಮೋಡ್ ಮುಂತಾದವು ಇವೆ. ಆದರೆ ಹೊಸದೇನೂ ಹಾಕಿಕೊಳ್ಳಬೇಕಾಗಿಲ್ಲ, ನಿಮ್ಮ ಹತ್ತಿರ ಇರುವ ವರ್ಡ್ ಅಥವಾ ಗೂಗಲ್ ಡಾಕ್ಸ್ ಸಾಕು.

ನಮ್ಮ ಪರಂಪರೆಯ ಒಂದು ಉದಾಹರಣೆ

ತಲೆಬರಹ ಅಂದ್ರೆ ಅಲಂಕಾರ ಅಂತ ನಾವು ತಿಳಿದುಕೊಂಡಿದ್ದೇವೆ. ಹದೀಸ್ ಸಂಗ್ರಹಗಳನ್ನು ನೋಡಿದರೆ ಆ ತಪ್ಪು ಹೋಗುತ್ತದೆ. ಇಮಾಮ್ ಅಹ್ಮದ್ ಬಿನ್ ಹಂಬಲ್ ಅವರ 'ಮುಸ್ನದ್'ನಲ್ಲಿ ಹದೀಸ್‌ಗಳು ವರದಿ ಮಾಡಿದ ಸಹಾಬಿಯ ಹೆಸರಿನ ಕೆಳಗಿವೆ. ಯಾರು ಹೇಳಿದರು ಎಂದು ಹುಡುಕುವವರಿಗೆ ಅದು ಸುಲಭ. ಆದರೆ ನಮಾಝಿನ ಬಗ್ಗೆ ಏನೇನಿದೆ ಎಂದು ಹುಡುಕಲು ಹೊರಟರೆ ಪೂರ್ತಿ ಗ್ರಂಥ ತಿರುವಬೇಕು. ಇಮಾಮ್ ಬುಖಾರಿ ವಿಷಯದ ಪ್ರಕಾರ ಜೋಡಿಸಿದರು. ಮೊದಲು 'ಕಿತಾಬ್', ಅದರೊಳಗೆ 'ಬಾಬ್'ಗಳು. ವಹೀಯ ಆರಂಭ, ಆಮೇಲೆ ಈಮಾನ್, ಆಮೇಲೆ ಇಲ್ಮ್, ಹೀಗೆ ಹೋಗುತ್ತದೆ.

ಇನ್ನೊಂದು ಸಂಗತಿ ಗಮನಿಸಿ. ನಿಯ್ಯತ್ತಿನ ಕುರಿತ ಪ್ರಸಿದ್ಧ ಹದೀಸ್ ಬುಖಾರಿಯಲ್ಲಿ ಏಳು ಕಡೆ ಬರುತ್ತದೆ. ಒಂದು ಕಡೆ ಈಮಾನಿನ ಕೆಳಗೆ, ಇನ್ನೊಂದು ಕಡೆ ನಿಕಾಹ್‌ನ ಕೆಳಗೆ, ಮತ್ತೊಂದು ಕಡೆ ಆಣೆ ಪ್ರಮಾಣದ ಕೆಳಗೆ. ವಿಷಯ ಒಂದೇ, ಆದರೆ ಯಾವ ಬಾಬ್‌ನ ಕೆಳಗೆ ಇಟ್ಟರೋ ಅದರಂತೆ ಬೇರೆ ಅರ್ಥ ಎದ್ದು ಕಾಣುತ್ತದೆ. ಬುಖಾರಿಯವರ ಫಿಖ್ಹ್ ಅವರ ತಲೆಬರಹಗಳಲ್ಲೇ ಇದೆ ಎಂದು ಉಲಮಾಗಳು ಹೇಳುವುದು ಇದಕ್ಕೇ. ಕೆಲವು ಬಾಬ್‌ಗಳಲ್ಲಿ ಶೀರ್ಷಿಕೆ ಇದೆ, ಕೆಳಗೆ ಹದೀಸೇ ಇಲ್ಲ. ಅಲ್ಲಿ ಏನು ಉದ್ದೇಶವಿತ್ತು ಎಂದು ವ್ಯಾಖ್ಯಾನಕಾರರು ಚರ್ಚೆ ಮಾಡಿದ್ದಾರೆ. ಖಾಲಿ ತಲೆಬರಹ ಕೂಡ ಓದುಗರನ್ನು ಪ್ರಶ್ನೆ ಕೇಳುವಂತೆ ಮಾಡುತ್ತದೆ.

ಅಬ್ಬಾ ಹೇಳಿದ ಕಥೆ

ಈ ಮಾತಿನ ಬೆಲೆ ನನಗೆ ಗೊತ್ತಾದದ್ದು ಮನೆಯಲ್ಲಿ. ನಮ್ಮ ಅಬ್ಬಾ ಕಲಬುರಗಿ ಕಡೆಯಿಂದ ಕೆಲಸ ಹುಡುಕಿಕೊಂಡು ಪುಣೆಗೆ ಬಂದವರು. ವಯಸ್ಸಾಗುತ್ತಿದೆ, ಮರೆಯುವ ಮುಂಚೆ ಬರೆದಿಡೋಣ ಎಂದು ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ದಖ್ಖನಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯಲು ಕೂತೆ. ಮೂರು ಸಲ ಶುರು ಮಾಡಿ ಮೂರು ಸಲವೂ ಬಿಟ್ಟೆ. ನನ್ನ ವಿದ್ಯಾರ್ಥಿಗಳ ಗತಿಯೇ ನನ್ನದೂ ಆಯಿತು.

ಆಮೇಲೆ ಬರೆಯುವುದನ್ನು ನಿಲ್ಲಿಸಿ ತಲೆಬರಹ ಮಾತ್ರ ಹಾಕಿದೆ: ಊರು, ಓದು, ಪುಣೆಗೆ ಬಂದದ್ದು, ಕೆಲಸ, ಅಮ್ಮಿ, ಮಕ್ಕಳು. ಅಬ್ಬಾ ಹೇಳಿದ ಒಂದೊಂದು ಸಂಗತಿಯನ್ನೂ ಒಂದೊಂದು ಸಾಲು ಮಾಡಿ ತಕ್ಕ ತಲೆಬರಹದ ಕೆಳಗೆ ಇಟ್ಟೆ. ಎಲ್ಲಾ ಮುಗಿಸಿ ನೋಡಿದರೆ 'ಕೆಲಸ'ದ ಕೆಳಗೆ ಇಪ್ಪತ್ತಕ್ಕೂ ಹೆಚ್ಚು ಸಾಲು. 'ಅಮ್ಮಿ' ಎಂಬುದರ ಕೆಳಗೆ ಒಂದೂ ಇಲ್ಲ.

ನಾಚಿಕೆಯಾಯಿತು. ಅಬ್ಬಾ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಡುಗೆಮನೆಗೆ ಹೋಗಿ ಅಮ್ಮಿಯನ್ನು ಕೇಳಿದೆ. "ನನ್ನದೇನಿದೆ ಬರೆಯೋಕೆ" ಅಂದರು. ಆಮೇಲೆ ಮೂರು ರಾತ್ರಿ ಮಾತಾಡಿದರು. ಅಬ್ಬಾ ಕೆಲಸ ಕಳೆದುಕೊಂಡಿದ್ದ ಎರಡು ವರ್ಷ ಅಮ್ಮಿ ಅಕ್ಕಪಕ್ಕದವರ ಸೀರೆಗೆ ಫಾಲ್ ಹೊಲಿದು ಮನೆ ನಡೆಸಿದ್ದರಂತೆ, ನಮ್ಮ ಶಾಲೆಯ ಫೀಸು ಹೊಲಿಗೆ ಮಷೀನಿನಿಂದ ಬಂದಿತ್ತಂತೆ. ಆ ಸಾಲುಗಳನ್ನು 'ಅಮ್ಮಿ'ಯ ಕೆಳಗೆ ಬರೆದೆ. ಆಮೇಲೆ ಯೋಚನೆ ಮಾಡಿ, ಅವನ್ನೆಲ್ಲಾ ಎತ್ತಿ 'ಕೆಲಸ'ದ ಕೆಳಗೆ ಇಟ್ಟೆ. ಅದು ಮನೆಗೆಲಸದ ಕಥೆಯಾಗಿರಲಿಲ್ಲ, ದುಡಿಮೆಯ ಕಥೆಯೇ ಆಗಿತ್ತು. ಎಳೆದು ಇಡಲು ಎರಡು ಸೆಕೆಂಡು ಹಿಡಿಯಿತು, ಲೇಖನದ ಅರ್ಥವೇ ಬದಲಾಯಿತು.

ನೀವು ಮಾಡುವುದು ಹೇಗೆ?

ಮೊದಲು ತಲೆಯಲ್ಲಿರುವುದನ್ನೆಲ್ಲಾ ಒಂದು ಸಾಲಿಗೆ ಒಂದು ವಿಚಾರದಂತೆ ಸುರಿದುಬಿಡಿ. ಕ್ರಮ ನೋಡಬೇಡಿ, ಕಾಗುಣಿತವನ್ನೂ ನೋಡಬೇಡಿ.

ಎರಡನೆಯದು, ಒಂದೇ ಜಾತಿಯ ಸಾಲುಗಳನ್ನು ಹತ್ತಿರ ತನ್ನಿ. ಪ್ರತಿ ಗುಂಪಿಗೂ ಒಂದು ತಲೆಬರಹ ಕೊಡಿ. ವರ್ಡ್ ಮತ್ತು ಗೂಗಲ್ ಡಾಕ್ಸ್ ಎರಡರಲ್ಲೂ ಕಂಟ್ರೋಲ್, ಆಲ್ಟ್, 1 ಒಟ್ಟಿಗೆ ಒತ್ತಿದರೆ ಆ ಸಾಲು ದೊಡ್ಡ ತಲೆಬರಹವಾಗುತ್ತದೆ. 1ರ ಬದಲು 2 ಒತ್ತಿದರೆ ಉಪತಲೆಬರಹ. ಅಕ್ಷರವನ್ನು ಬರೀ ದಪ್ಪ ಮಾಡಿದರೆ ಸಾಲದು, ಅದು ತಲೆಬರಹ ಅಂತ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ.

ಮೂರನೆಯದು, ತಲೆಬರಹಗಳನ್ನು ಮಾತ್ರ ಓದಿ. ವರ್ಡ್‌ನಲ್ಲಿ ವ್ಯೂ ಮೆನುವಿನ ನ್ಯಾವಿಗೇಶನ್ ಪೇನ್ ತೆರೆದರೆ ಎಡಗಡೆ ಅವೆಲ್ಲಾ ಕಾಣುತ್ತವೆ, ಅಲ್ಲಿಯೇ ಎಳೆದು ಹಿಂದೆ ಮುಂದೆ ಮಾಡಬಹುದು. ಬರೀ ತಲೆಬರಹ ಓದಿದರೆ ನಿಮ್ಮ ವಾದ ಅರ್ಥವಾಗಬೇಕು. ಆಗದಿದ್ದರೆ ಕ್ರಮ ಬದಲಿಸಿ.

ತಲೆಬರಹ ಇಡುವಾಗ 'ಪೀಠಿಕೆ', 'ಇತರೆ' ಎಂಬಂಥವು ಬೇಡ. 'ಹೆಣ್ಣುಮಕ್ಕಳ ಶಿಕ್ಷಣ' ಎನ್ನುವುದಕ್ಕಿಂತ 'ಹತ್ತನೇ ಆದ ಮೇಲೆ ಯಾಕೆ ಶಾಲೆ ಬಿಡುತ್ತಾರೆ' ಎಂದು ಬರೆದು ನೋಡಿ. ಎರಡನೆಯದರ ಕೆಳಗೆ ಏನು ಬರೆಯಬೇಕು ಎಂದು ತಾನೇ ಹೊಳೆಯುತ್ತದೆ. 'ಇತರೆ' ಅನ್ನುವುದರ ಕೆಳಗೆ ನಾವು ಯೋಚಿಸಲು ಬೇಸರಪಟ್ಟದ್ದೆಲ್ಲಾ ಹೋಗಿ ಕೂರುತ್ತದೆ.

ಒಂದು ಎಚ್ಚರಿಕೆಯೂ ಇರಲಿ. ತಲೆಬರಹ ಜೋಡಿಸುವುದರಲ್ಲೇ ವಾರಗಟ್ಟಲೆ ಕಳೆಯುವವರೂ ಇದ್ದಾರೆ. ಮೂರು ಮೆಟ್ಟಿಲಿಗಿಂತ ಕೆಳಗೆ ಇಳಿಯಬೇಡಿ, ಒಂದು ಗಂಟೆಯ ನಂತರ ಬರೆಯಲು ಶುರು ಮಾಡಿ.

ಕೊನೆಗೆ ಖಾಲಿ ಉಳಿದ ತಲೆಬರಹವನ್ನು ಅಳಿಸುವ ಮುಂಚೆ ಒಂದು ಕ್ಷಣ ನಿಲ್ಲಿ. ಅಲ್ಲಿ ನಿಜವಾಗಿಯೂ ಏನೂ ಇಲ್ಲವೋ, ಅಥವಾ ಯಾರನ್ನಾದರೂ ಕೇಳುವುದು ಬಾಕಿ ಇದೆಯೋ ನೋಡಿ. ಬಾಕಿ ಇದ್ದರೆ ಇವತ್ತೇ ಹೋಗಿ ಕೇಳಿ.