ಗೀರು ಎಲ್ಲಿಗೆ ಹೋಯಿತು?

ಆಂಗ್ಲ ಭಾಷೆಯಲ್ಲಿ ನಮ್ಮಂಥವರನ್ನು ಕಾಡುವುವು ದೊಡ್ಡ ಶಬ್ದಗಳಲ್ಲ, ಅವಕ್ಕೆ ನಿಘಂಟುಂಟು. ಕಾಡುವುವು ‘ಔಟ್’, ‘ಅಪ್’, ‘ಆಫ್’ ಎಂಬ ಪುಟ್ಟ ಬಾಲ ಕಟ್ಟಿಕೊಂಡ ಕ್ರಿಯಾಪದಗಳು. ನಮ್ಮ ಮನೆಯಲ್ಲಿ ಇಂಗ್ಲಿಷ್ ಓದಿದವನು ನಾನೇ ಮೊದಲಿಗನಾದುದರಿಂದ ಕೇಳಿ ತಿಳಿಯುವ ಅನುಕೂಲವಿಲ್ಲ. ಬಿಡಿಸಿ ನೋಡಿಯೇ ತಿಳಿಯಬೇಕು. ಅಂಥದೊಂದು ‘ಬಫ್ ಔಟ್’. ಮೇಲ್ಮೈಯ ಗೀರನ್ನು ಉಜ್ಜಿ ಇಲ್ಲವಾಗಿಸುವುದೆಂದು ಇದರ ಅರ್ಥ.

ಸ್ವಾರಸ್ಯವೆಂದರೆ, ‘ಬಫ್’ ಶಬ್ದದ ಮೂಲದಲ್ಲಿ ನಿಂತಿರುವುದು ನಮ್ಮ ಕೊಟ್ಟಿಗೆಯ ಎಮ್ಮೆ! ಎಮ್ಮೆ ಎಂಬರ್ಥದ ಫ್ರೆಂಚ್ ಶಬ್ದದಿಂದ ಅದು ಬಂದಿದೆ. ಎಣ್ಣೆಯುಣಿಸಿ ಹದಮಾಡಿದ ಮೆತ್ತನೆಯ ತೊಗಲಿಗೆ ಇಂಗ್ಲೆಂಡಿನಲ್ಲಿ ಈ ಹೆಸರು ನಿಂತಿತು. ಅದರ ಮಾಸಲು ಹಳದಿ ಬಣ್ಣಕ್ಕೂ ಅದೇ ಹೆಸರಾಯಿತು. ಆ ತೊಗಲು ಹೊದಿಸಿದ ಕೋಲು, ಗಾಲಿಗಳಿಂದ ಲೋಹಕ್ಕೆ ಮೆರುಗು ಕೊಡುತ್ತಿದ್ದುದರಿಂದ ಆ ಕೆಲಸವೇ ‘ಬಫ್’ ಎನಿಸಿತು. ಈಗ ಗಾಲಿಗೆ ಬಟ್ಟೆ ಬಂದಿದೆ, ಎಮ್ಮೆ ಹೆಸರಿನಲ್ಲಷ್ಟೇ ಉಳಿದಿದೆ.

‘ಔಟ್’ ಎಂದರೆ ‘ಹೊರಗೆ’ ಎಂದು ಹೊರಟರೆ ದಾರಿ ತಪ್ಪುತ್ತದೆ. ಗೀರು ಎಲ್ಲಿಂದ ಹೊರಗೆ ಹೋಗಬೇಕು? ಇಲ್ಲಿ ‘ಔಟ್’ ಹೇಳುವುದು ಕೆಲಸ ಪೂರ್ತಿಯಾಯಿತು, ಗುರುತು ಉಳಿಯಲಿಲ್ಲ ಎಂಬುದನ್ನು. ನಮ್ಮಲ್ಲಿ ‘ಅಳಿಸಿದನು’ ಬೇರೆ, ‘ಅಳಿಸಿಹಾಕಿದನು’ ಬೇರೆ ಅಲ್ಲವೇ? ಆ ‘ಹಾಕು’ ಏನನ್ನೂ ಎಲ್ಲಿಯೂ ಹಾಕುವುದಿಲ್ಲ. ಆದರೂ ಅದಿಲ್ಲದೆ ಮಾತು ಪೂರೈಸದು. ‘ಔಟ್’ ಅದರ ದೂರದ ನೆಂಟ. ಒಂದು ನಿಯಮವನ್ನು ಮಾತ್ರ ಮರೆಯಬಾರದು: ‘ಬಫ್ ಔಟ್ ದ ಸ್ಕ್ರ್ಯಾಚ್’ ಎನ್ನಬಹುದು, ಸರ್ವನಾಮ ಬಂದರೆ ಅದು ನಡುವೆಯೇ ಕೂಡಬೇಕು, ‘ಬಫ್ ಇಟ್ ಔಟ್’ ಎಂದು.

ಇನ್ನು ಕೆಲಸದ ರೀತಿ. ಗೀರೆಂಬುದು ಒಂದು ಹಳ್ಳ. ಉಜ್ಜುವವನು ಹಳ್ಳವನ್ನು ತುಂಬುವುದಿಲ್ಲ. ಸುತ್ತಲಿನ ಮಟ್ಟವನ್ನೇ ಅದರ ತಳದವರೆಗೆ ಸವೆಸುತ್ತಾನೆ. ಈಗಿನ ಕಾರುಗಳ ಬಣ್ಣದ ಮೇಲೆ ತಲೆಗೂದಲಷ್ಟು ತೆಳುವಾದ ಪಾರದರ್ಶಕ ಲೇಪವೊಂದಿರುತ್ತದೆ. ಗೀರು ಅದರೊಳಗೇ ನಿಂತಿದ್ದರೆ ಹೋದೀತು. ಲೇಪವನ್ನು ದಾಟಿ ಬಣ್ಣಕ್ಕಿಳಿದಿದ್ದರೆ ಉಜ್ಜಿದಷ್ಟೂ ಕೇಡು.

ಈ ಮಿತಿಯಿಂದಲೇ ಒಂದು ಹಾಸ್ಯ ಹುಟ್ಟಿದೆ. ಮರಕ್ಕೆ ಬಡಿದು ನುಜ್ಜುಗುಜ್ಜಾದ ಕಾರನ್ನು ನೋಡಿ ಇಂಗ್ಲಿಷಿನವರು ‘ದಟ್ ವಿಲ್ ಬಫ್ ಔಟ್’ ಎನ್ನುವುದುಂಟು. ‘ಒಂದಿಷ್ಟು ಉಜ್ಜಿದರೆ ಹೋದೀತು ಬಿಡಿ’ ಎಂದಂತೆ. ನಿಘಂಟನ್ನೇ ನಂಬಿದ ವಿದ್ಯಾರ್ಥಿ ಇದನ್ನು ಸಮಾಧಾನದ ಮಾತೆಂದು ತಿಳಿದಾನು. ಸುತ್ತಲಿನವರೆಲ್ಲ ನಗುವಾಗ ಅವನೊಬ್ಬನು ಗಂಭೀರವಾಗಿ ತಲೆಯಾಡಿಸುತ್ತಿರುತ್ತಾನೆ.